ನೀಲಕ್ಕ ತೋರಿಸಿದ ಜಾಗಗಳು

ಹೋದ ತಿಂಗಳು ಒಂದು ಮದುವೆಗೆಂದು ಗಂಗಾವತಿಗೆ ಹೋಗಿದ್ದೆ. ಬಸ್ಸು ಊರ ಹೊರಗಿನ ರೈಸ್ ಮಿಲ್ಲುಗಳ ಸಾಲು ದಾಟುವಾಗ ಕಿಟಕಿಯಿಂದ ಕುದಿಸಿದ ಭತ್ತದ ವಾಸನೆ ಒಳಗೆ ನುಗ್ಗಿತು. ಹಸಿ ಗೋಣಿಚೀಲವನ್ನು ಬಿಸಿಲಲ್ಲಿ ಮುಚ್ಚಿಟ್ಟು ಆಮೇಲೆ ತೆರೆದಂಥ, ಅರ್ಧ ಹುಳಿ, ಅರ್ಧ ಸಿಹಿ ವಾಸನೆ. ಪಕ್ಕದಲ್ಲಿ ಕೂತ ಹೆಂಗಸು ಅದರ ಕಡೆ ಲಕ್ಷ್ಯವನ್ನೇ ಕೊಡದೆ ಶೇಂಗಾ ಸುಲಿಯುತ್ತಿದ್ದಳು. ನನ್ನ ಬಲಗೈ ಮಾತ್ರ ತೊಡೆಯ ಮೇಲೆ ತಾನಾಗಿಯೇ ಮುಷ್ಟಿ ಕಟ್ಟಿತ್ತು. ಆ ಊರಲ್ಲಿ ನಾನು ಇದ್ದದ್ದು ಒಂದು ಬೇಸಿಗೆ ಮತ್ತು ಅರ್ಧ ಮಳೆಗಾಲ ಮಾತ್ರ. ಏಳು ವರ್ಷವಾಯಿತು. ಆ ಬೇಸಿಗೆಯಲ್ಲಿ ಕಂಡಷ್ಟು ಹೊಡೆತ ಬಡಿತವನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು.

ಆಗ ನನಗೆ ಇಪ್ಪತ್ತೆಂಟು. ಹಲ್ಲಿನ ಡಾಕ್ಟರಾಗಿ ಎರಡು ವರ್ಷ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿ, ಸ್ವಂತದ್ದೊಂದು ದವಾಖಾನೆ ಹಾಕಬೇಕೆಂದು ಕುಷ್ಟಗಿಯಿಂದ ಒಬ್ಬಳೇ ಬಂದಿದ್ದೆ. ಜಾಗ ಸಿಕ್ಕಿದ್ದು ಊರಿನ ಅಂಚಿನ ದೊಡ್ಡವರ ಬಡಾವಣೆಯಲ್ಲಿ. ಮಿಲ್ ಮಾಲೀಕರು, ಬೀಜ ಗೊಬ್ಬರದ ವ್ಯಾಪಾರಿಗಳು, ಗುತ್ತಿಗೆದಾರರು ಕಟ್ಟಿಸಿದ ಮನೆಗಳು. ಕಮಾನಿನ ಮೇಲೆ ಅದಕ್ಕೊಂದು ಉದ್ದನೆಯ ಹೆಸರು ಬರೆಸಿದ್ದರು. ಜನ ಬರೀ ‘ಲೇಔಟು’ ಅನ್ನುತ್ತಿದ್ದರು. ಗೇಟುಗಳು ಆಳೆತ್ತರಕ್ಕಿಂತ ಎತ್ತರ, ಬಾಲ್ಕನಿಗಳಿಗೆ ಗಾಜು, ಅಂಗಳಕ್ಕೆಲ್ಲ ಗ್ರಾನೈಟು. ಇಷ್ಟಾದರೂ ಮಿಲ್ಲಿನ ಚಿಮಣಿಯಿಂದ ಹಾರಿಬರುವ ಭತ್ತದ ಹೊಟ್ಟಿನ ಕರಿ ಬೂದಿ ಎಲ್ಲರ ಅಂಗಳಕ್ಕೂ ಬೀಳುತ್ತಿತ್ತು. ಕೆಲಸದ ಹೆಂಗಸರು ದಿನಕ್ಕೆರಡು ಸಲ ತೊಳೆದರೂ ಸಂಜೆಗೆ ಬರಿಗಾಲಲ್ಲಿ ನಡೆದರೆ ಅಂಗಾಲು ಕಪ್ಪಾಗುತ್ತಿತ್ತು. ನಿವೃತ್ತ ಇಂಜಿನಿಯರ್ ಒಬ್ಬರು ತಮ್ಮ ಕಾರಿನ ಶೆಡ್ಡನ್ನು ನನ್ನ ದವಾಖಾನೆಗೆ ಬಿಟ್ಟುಕೊಟ್ಟರು. ಮೇಲಿನ ಒಂದು ಕೋಣೆಯಲ್ಲಿ ನಾನು ಇರುತ್ತಿದ್ದೆ.

ಯುಗಾದಿ ಆದ ಮೂರನೆಯ ದಿನ ನೀಲಕ್ಕ ಬಂದಳು. ಗಂಡ ಶೇಖರಪ್ಪ ಜೊತೆಗಿದ್ದ. ಎರಡು ರೈಸ್ ಮಿಲ್ಲಿನ ಮಾಲೀಕ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವ ವಿನಯ. ನೀಲಕ್ಕ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ತೆಗೆದಾಗ ಮೇಲಿನ ಎದುರು ಹಲ್ಲು ಅರ್ಧಕ್ಕೆ ಓರೆಯಾಗಿ ಮುರಿದಿತ್ತು.

"ಬಚ್ಚಲಾಗ ಜಾರಿ ಬಿದ್ದೆರಿ," ಅಂದಳು.

"ಮಾರ್ಬಲ್ ಹಾಕಿಸಿದ್ದ ತಪ್ಪಾತು ನೋಡ್ರಿ ಡಾಕ್ಟ್ರೇ," ಅಂತ ಶೇಖರಪ್ಪ ನಕ್ಕ. "ಈಕಿಗೆ ಕಾಲ ಮ್ಯಾಲ ಲಕ್ಷ್ಯನ ಇರಂಗಿಲ್ಲ. ಎಷ್ಟ ಸಲ ಹೇಳಿದ್ರೂ ಅಷ್ಟ."

ಮುಖ ಅಡಿಯಾಗಿ ಬಿದ್ದವರ ಗದ್ದ ತರಚಿರುತ್ತದೆ, ಇಲ್ಲವೇ ಮೂಗು. ಅವಳ ಗದ್ದ ನುಣ್ಣಗಿತ್ತು. ಮೇಲ್ತುಟಿಯನ್ನು ಎತ್ತಿದೆ. ತುಟಿಯನ್ನು ಒಸಡಿಗೆ ಹಿಡಿದಿಡುವ ತೆಳುವಾದ ಪೊರೆ ಹರಿದು ಹೋಗಿತ್ತು, ತುಟಿಯ ಒಳಗೆ ಅವಳದೇ ಹಲ್ಲು ನಾಟಿದ ಗುರುತಿತ್ತು. ಇಂಥದ್ದು ಯಾವುದರಿಂದ ಆಗುತ್ತದೆ ಎಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ನಾನು ಚೀಟಿಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದು ಬರೆದೆ. ಎರಡನೆಯ ಫೋನ್ ನಂಬರು ಕೇಳಿದಾಗ ಅವಳು ಗಂಡನದನ್ನು ಬಿಟ್ಟು ಮಂಗಳೂರಿನ ಅಣ್ಣನ ನಂಬರು ಕೊಟ್ಟಳು. ಅದು ಯಲಬುರ್ಗಾದ ಕಡೆಯ ನಮ್ಮ ಮಂಗಳೂರು, ಅವಳ ತವರು. ಶೇಖರಪ್ಪ ಆಗ ಫೋನಿನಲ್ಲಿ ಭತ್ತದ ಲಾರಿಯ ಬಗ್ಗೆ ಮಾತಾಡುತ್ತಿದ್ದ.

ಹಲ್ಲು ಸರಿಮಾಡಲು ನಾಲ್ಕು ಸಲ ಬರಬೇಕಾಯಿತು. ಎರಡನೆಯ ಸಲದಿಂದ ಒಬ್ಬಳೇ ಬಂದಳು. ಮೂವತ್ತೆಂಟು ವರ್ಷದ, ಗಟ್ಟಿಮುಟ್ಟಾದ, ಮಾತು ಬಲ್ಲ ಹೆಂಗಸು. ಹದಿನೆಂಟಕ್ಕೆ ಮದುವೆಯಾಗಿ ಬಂದವಳು. ಒಬ್ಬಳೇ ಮಗಳು ಧಾರವಾಡದ ಹಾಸ್ಟೆಲಿನಲ್ಲಿ ಪಿಯುಸಿ ಮುಗಿಸಿ, ಮೇ ತಿಂಗಳಲ್ಲಿ ಬರೆಯಬೇಕಾದ ಡಾಕ್ಟರ್ ಸೀಟಿನ ದೊಡ್ಡ ಪರೀಕ್ಷೆಗೆ ಓದುತ್ತಿದ್ದಳು.

"ನಿಮಗ ಇಲ್ಲಿ ಯಾರೂ ಗೊತ್ತಿಲ್ಲಲ್ರಿ," ಅಂದಳು ಒಂದು ದಿನ ಕುರ್ಚಿಯಿಂದ ಇಳಿಯುತ್ತ. "ಸಂಜೀಕ ಬರ್ರಿ, ನಮ್ಮ ಲೇಔಟು ತೋರಸ್ತೀನಿ. ಮಂದಿ ಬರೇ ಮನಿ ನೋಡಿ ಹೋಗ್ತಾರ. ನನಗ ಸೇರೋ ಜಾಗಾನ ಬ್ಯಾರೆ ಅದಾವ."

ಅವತ್ತಿನಿಂದ ಸುಮಾರು ಒಂದು ತಿಂಗಳು ನಾವಿಬ್ಬರೂ ಸಂಜೆ ತಿರುಗಾಡಿದೆವು. ಮೊದಲನೆಯದು ಪಾರ್ಕಿನ ಬಾಗಿಲ ಬಳಿಯ ಸಿಮೆಂಟು ಬೆಂಚು. ಒಳಗೆ ಹೊಂಗೆಯ ನೆರಳಿನ ಒಳ್ಳೆ ಬೆಂಚುಗಳಿದ್ದರೂ ಅವಳಿಗೆ ರಸ್ತೆಯ ಪಕ್ಕದ ಈ ಬಿಸಿ ಬೆಂಚೇ ಬೇಕು. ಎರಡನೆಯದು ಕಮಾನಿನ ಕೆಳಗಿನ ಮಿರ್ಚಿ ಬಂಡಿ. ಒಗ್ಗರಣೆ ಮಂಡಾಳು, ಎಂದರೆ ಮಂಡಕ್ಕಿ, ಅದರ ತಟ್ಟೆ ಹಿಡಿದು ಅಲ್ಲೇ ನಿಂತು ತಿನ್ನುವಳು, ಮನೆಗೆ ಕಟ್ಟಿಸಿಕೊಂಡು ಹೋದದ್ದು ಇಲ್ಲ. ಮೂರನೆಯದು ನೀರಿನ ಟ್ಯಾಂಕಿನ ಮೆಟ್ಟಿಲು. ಹತ್ತು ಮೆಟ್ಟಿಲು ಏರಿದರೆ ಕಾಂಪೌಂಡಿನಾಚೆ ಕೊಯ್ಲಿಗೆ ಬಂದ ಬೇಸಿಗೆ ಭತ್ತ, ಅದರ ಹಿಂದೆ ಆನೆಗೊಂದಿಯ ಕಡೆಯ ಬಂಡೆಗುಡ್ಡಗಳು ಸಂಜೆ ಬಿಸಿಲಲ್ಲಿ ಕಾದ ಹಂಚಿನ ಬಣ್ಣಕ್ಕೆ ತಿರುಗಿ ಕಾಣುತ್ತಿದ್ದವು. ಅಲ್ಲಿ ಕೂತು ಅವಳು ಸಾಣಾಪುರದ ಕೆರೆಗೆ ಮದುವೆಯ ಮೊದಲ ವರ್ಷ ಹೋದದ್ದನ್ನು ಹೇಳಿದಳು. ಬುಟ್ಟಿದೋಣಿಯಲ್ಲಿ ಕೂತು ನಕ್ಕಿದ್ದಕ್ಕೆ, ಮನೆಗೆ ಬಂದ ಮೇಲೆ ಏನೋ ಆಯಿತೆಂದಳು.

ಎಲ್ಲಕ್ಕಿಂತ ಅವಳಿಗೆ ಹೆಚ್ಚು ಸೇರುತ್ತಿದ್ದದ್ದು ಮೌಲಾಸಾಬರ ಇಸ್ತ್ರಿ ಬಂಡಿ. ಮೂರು ರಸ್ತೆ ಕೂಡುವಲ್ಲಿ, ಬೇವಿನ ಗಿಡದ ಕೆಳಗೆ, ನನ್ನ ದವಾಖಾನೆಯ ಎದುರಿಗೇ ಇತ್ತು. ಮೌಲಾಸಾಬರಿಗೆ ಅರವತ್ತು ದಾಟಿತ್ತು, ಕಿವಿ ಸ್ವಲ್ಪ ಮಂದ. ಇದ್ದಿಲು ತುಂಬಿದ ಹಿತ್ತಾಳೆಯ ಪೆಟ್ಟಿಗೆಯಿಂದ ಇಡೀ ಲೇಔಟಿನ ಅಂಗಿ ಸೀರೆಗಳನ್ನು ತೀಡುತ್ತಿದ್ದರು. ಬಂಡಿಯ ಪಕ್ಕದಲ್ಲಿ ಅವಳಿಗೆಂದೇ ಒಂದು ಪ್ಲಾಸ್ಟಿಕ್ ಸ್ಟೂಲು ಇಟ್ಟಿದ್ದರು. ಮಾತು ಕಡಿಮೆ. ಅವಳು ಬಂದರೆ ಸ್ಟೂಲಿನ ಮೇಲಿನ ಬೂದಿ ಒರೆಸುವರು, ಅಷ್ಟೇ.

ಏಪ್ರಿಲ್ ಕೊನೆಯ ವಾರ ಬಿಸಿಲು ತಡೆಯಲಾಗದಷ್ಟಿತ್ತು. ಕೊಯ್ಲಿನ ಯಂತ್ರಗಳು ಹಗಲೆಲ್ಲ ರಸ್ತೆಯಲ್ಲಿ ಗುಡುಗುಡು ಓಡಾಡುತ್ತಿದ್ದವು, ಗಾಳಿಯ ತುಂಬ ಭತ್ತದ ಧೂಳು. ಅಂಥ ಒಂದು ಮಧ್ಯಾಹ್ನ ನೀಲಕ್ಕ ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದೆ ಬಂದಳು. ಕಿವಿಯ ಕೆಳಗೆ ಪೌಡರು ದಪ್ಪಗೆ ಹಚ್ಚಿದ್ದಳು. ಬೆವರಿಗೆ ಅದು ಇಳಿದು ಕೆಳಗಿನ ನೀಲಿ ಕಾಣುತ್ತಿತ್ತು. ನಾನು ಸರಿಮಾಡಿದ ಹಲ್ಲು ಮತ್ತೆ ಬಿರುಕು ಬಿಟ್ಟಿತ್ತು.

"ನೀಲಕ್ಕ, ಈ ಸಲ ಏನಂತ ಬರೀಲಿ?" ಎಂದೆ.

"ಕಪಾಟಿನ ಬಾಗಿಲಾ ಬಡೀತು ಅಂತ ಬರೀರಿ."

"ಖರೇನಾ?"

ಅವಳು ಬಾಯಿ ಪೂರ್ತಿ ತೆರೆಯದೆ, ಹಲ್ಲಿನ ಸಂದಿಯಿಂದ ಮಾತಾಡಿದಳು. "ಪಾರ್ಕಿನ ಬೆಂಚಿನ ಮ್ಯಾಲ ಯಾಕ ಕೂಡ್ತೀನಿ ಗೊತ್ತೇನ್ರಿ? ಅಲ್ಲಿಂದ ನಮ್ಮ ಗೇಟು ಕಾಣಸ್ತೈತಿ. ಟ್ಯಾಂಕಿನ ಮ್ಯಾಲಿಂದ ಅವರ ಕಾರು ಮಿಲ್ಲಿನ ರಸ್ತಾದಾಗ ಬರೋದು ಕಾಣಸ್ತೈತಿ. ಮಿರ್ಚಿ ಬಂಡಿ, ಮೌಲಾಸಾಬರ ಬಂಡಿ ಹತ್ತರ ಯಾವಾಗಲೂ ನಾಕು ಮಂದಿ ಇರ್ತಾರ. ನಾಕು ಮಂದಿ ಕಣ್ಣಿದ್ದಲ್ಲಿ ಅವರು ಕೈ ಎತ್ತಂಗಿಲ್ಲ. ಇಪ್ಪತ್ತ ವರ್ಷದಾಗ ಒಮ್ಮೆನೂ ಎತ್ತಿಲ್ಲ."

ನನಗೆ ಇಷ್ಟವಾಗಿದ್ದ ಆ ಎಲ್ಲ ಜಾಗಗಳೂ ಅವಳು ಬಡಿಸಿಕೊಳ್ಳದೆ ಕೂರಬಹುದಾದ ಜಾಗಗಳಾಗಿದ್ದವು. ನಾನು ಒಂದು ತಿಂಗಳು ಅಲ್ಲಿ ಅವಳ ಜೊತೆ ಕೂತು ಮಿರ್ಚಿ ತಿಂದಿದ್ದೆ, ಗುಡ್ಡದ ಬಣ್ಣ ನೋಡಿ ಫೋಟೋ ತೆಗೆದಿದ್ದೆ. ಅವಳ ಕಣ್ಣು ಯಾವ ಕಡೆಗಿತ್ತೆಂದು ಒಮ್ಮೆಯೂ ನೋಡಿರಲಿಲ್ಲ.

"ಮನಿ ಬಿಟ್ಟು ಬರ್ರಿ," ಎಂದೆ.

"ಬರ್ತೀನಿ. ಮಗಳ ಪರೀಕ್ಷಿ ಮುಗೀಲಿ. ಒಂದ ಚೀಲ ಕಟ್ಟಿಟ್ಟೀನಿ, ಮನ್ಯಾಗಲ್ಲ, ಬ್ಯಾರೆ ಕಡೆ. ಆಕಿ ಪರೀಕ್ಷಿ ಬರದ ಮರುದಿನ ಆಕೀನ ಕರಕೊಂಡು ಹೋಗ್ತೀನಿ. ಅಲ್ಲೀತನಾ ಯಾರಿಗೂ ಏನೂ ಹೇಳಬ್ಯಾಡ್ರಿ. ನನ್ನ ಮ್ಯಾಲ ಆಣಿ ಮಾಡ್ರಿ."

ಆಣೆ ಮಾಡಿದೆ. ಚೀಟಿಯಲ್ಲಿ ಕಪಾಟಿನ ಬಾಗಿಲು ಎಂದು ಬರೆದೆ.

ಪರೀಕ್ಷೆಗೆ ಎರಡು ದಿನ ಉಳಿದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತು. ನಾನು ಒಬ್ಬ ಮುದುಕಿಯ ಹಲ್ಲು ಕಿತ್ತು ಹತ್ತಿ ಕಚ್ಚಿಸುತ್ತಿದ್ದೆ. ಹೊರಗೆ ಕಾರು ಗಕ್ಕನೆ ನಿಂತ ಸದ್ದಾಯಿತು. ಬಾಗಿಲ ಗಾಜಿನಿಂದ ಶೇಖರಪ್ಪ ಇಳಿದದ್ದು ಕಂಡಿತು. ನೀಲಕ್ಕ ಸ್ಟೂಲಿನ ಮೇಲಿದ್ದಳು, ಎದ್ದು ನಿಂತಳು. ಅವನು ಅವಳ ಕಡೆ ನೋಡಲೂ ಇಲ್ಲ. ನೇರ ಬಂಡಿಗೆ ಹೋಗಿ, ಕೆಳಗಿನ ಹಲಗೆಯ ಮೇಲೆ ಒಗೆದ ಬಟ್ಟೆಗಳ ಗಂಟಿನ ಹಿಂದೆ ಕೈ ಹಾಕಿ, ಕೆಂಪು ಜಿಪ್ಪಿನ ಒಂದು ಚೀಲ ಎಳೆದ. ಅವಳು ಕಟ್ಟಿಟ್ಟ ಚೀಲ ಮೌಲಾಸಾಬರ ಬಂಡಿಯಲ್ಲಿತ್ತು ಎಂದು ನನಗೂ ಆಗಲೇ ಗೊತ್ತಾದದ್ದು; ಅವನಿಗೆ ಯಾರು ಹೇಳಿದ್ದರೋ ಇಂದಿಗೂ ತಿಳಿದಿಲ್ಲ.

"ಸಾಹುಕಾರ್ರ, ತಪ್ಪು ತಿಳೀಬ್ಯಾಡ್ರಿ," ಎಂದು ಮೌಲಾಸಾಬರು ಕೈ ಮುಂದೆ ಮಾಡಿದರು.

ಶೇಖರಪ್ಪ ಅವರ ಎದೆಗೆ ಒದ್ದ. ಮುದುಕ ಬೇವಿನ ಬೊಡ್ಡೆಗೆ ಬಡಿದು ಕುಸಿದರು. ಮತ್ತೊಂದು ಒದೆತ ಬಂಡಿಗೆ. ಬಂಡಿ ಮಗುಚಿ, ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆರೆದು, ಕೆಂಡಗಳೆಲ್ಲ ಟಾರು ರಸ್ತೆಯ ಮೇಲೆ ಚೆಲ್ಲಿದವು. ಯಾರದೋ ಬಿಳಿ ಅಂಗಿಗಳು, ಯಾರದೋ ರೇಷ್ಮೆ ಸೀರೆ ಅದರ ಮೇಲೆ ಬಿದ್ದು ಹೊಗೆಯಾಡತೊಡಗಿದವು. ಅವನು ಚೀಲವನ್ನೂ ಕೆಂಡದ ಮೇಲೆ ಒಗೆದ. ಅದರಲ್ಲಿ ಎರಡು ಸೀರೆ, ಮಗಳ ಅಂಕಪಟ್ಟಿಗಳು, ಅವಳ ಆಧಾರ್ ಕಾರ್ಡು ಇದ್ದವು. ಮೌಲಾಸಾಬರು ಕೂತಲ್ಲಿಂದಲೇ ತೆವಳಿ ಬರಿಗೈಯಿಂದ ಆ ಚೀಲವನ್ನು ಎಳೆದುಕೊಂಡು ಹೊಟ್ಟೆಯ ಕೆಳಗೆ ಹಾಕಿಕೊಂಡರು. ಶೇಖರಪ್ಪ ಅವರ ಬೆನ್ನಿಗೆ, ಪಕ್ಕೆಗೆ, ಹಿಂಗತ್ತಿಗೆ ಒದೆಯತೊಡಗಿದ. ಒದೆಯುವಾಗ ಏನೂ ಬೈಯುತ್ತಿರಲಿಲ್ಲ. ಉಸಿರಿನ ಸದ್ದು ಮಾತ್ರ ಕೇಳುತ್ತಿತ್ತು.

ನೀಲಕ್ಕ ಅವರಿಬ್ಬರ ನಡುವೆ ಬಂದು ನಿಂತಳು. "ಅವರನ್ನ ಬಿಡ್ರಿ, ಮನಿಗೆ ಬರ್ತೀನಿ," ಅಂದಳು. ಅವನು ಕೈ ಬೀಸಿ ಅವಳ ಮುಖಕ್ಕೆ ಹೊಡೆದ. ಅವಳು ಬೀಳಲಿಲ್ಲ. ಇನ್ನೊಂದು ಹೊಡೆದ, ಬಿದ್ದಳು. ಜಡೆ ಹಿಡಿದು ಎಬ್ಬಿಸಿ ಕಾರಿನ ಒಳಗೆ ದಬ್ಬಿದ. ಆಗ ಮೂರೂ ರಸ್ತೆಯ ಗೇಟುಗಳಲ್ಲಿ ಜನ ನಿಂತಿದ್ದರು. ನಾನು ಎಣಿಸಿದ್ದೇನೆ, ಹನ್ನೊಂದು ಜನ. ನಾನೂ ಸೇರಿದರೆ ಹನ್ನೆರಡು. ನನ್ನ ಕೈಯಲ್ಲಿ ಮುದುಕಿಯ ರಕ್ತ ಅಂಟಿದ ಗ್ಲೌಸು ಹಾಗೇ ಇತ್ತು. ಬಾಗಿಲು ತೆರೆಯಬೇಕೆಂದು ಹಿಡಿಕೆಯ ಮೇಲೆ ಕೈ ಇಟ್ಟವಳು ತೆರೆಯಲಿಲ್ಲ. ಕಾರು ಹೋದ ಮೇಲೆ ತೆರೆದೆ.

ಮೌಲಾಸಾಬರ ಅಂಗೈ ಸುಟ್ಟು ತೊಗಲು ಎದ್ದಿತ್ತು. ತೊಳೆದು ಪಟ್ಟಿ ಕಟ್ಟುವಾಗ ಅವರು ಚೀಲವನ್ನು ನನ್ನ ಕಡೆ ಸರಿಸಿದರು. "ಇದನ್ನ ನೀವ ಇಟ್ಕೊಳ್ರಿ ಬೇಟಿ. ಕಾಗದಕ್ಕ ಏನೂ ಆಗಿಲ್ಲ, ನೋಡೀನಿ," ಅಂದರು.

ಮನೆಯ ಮಾಲೀಕರಾದ ಇಂಜಿನಿಯರು ಮೇಲಿನಿಂದ ಇಳಿದು ಬಂದರು. "ನೋಡಮ್ಮ, ಅದು ಅವರ ಮನಿ ಮಾತು. ಮುದುಕಂದು ನಾವೆಲ್ಲ ಕೂಡಿ ಏನರ ಮಾಡೋಣು. ನೀ ನಡುವ ಹೋಗಬ್ಯಾಡ," ಅಂದರು. ಅವರು ಕೆಟ್ಟವರಲ್ಲ. ಮೌಲಾಸಾಬರನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ನಾನು ಒಳಗೆ ಬಂದು ನೀಲಕ್ಕನ ಚೀಟಿ ತೆಗೆದೆ. ಅದರ ಮೇಲಿದ್ದ ಎರಡನೆಯ ನಂಬರಿಗೆ ಫೋನು ಮಾಡಿದೆ. ಬಾಗಿಲು ತೆರೆಯದೆ ನಿಂತ ನಾಚಿಕೆಯನ್ನು ಹೇಗಾದರೂ ತೊಳೆದುಕೊಳ್ಳಬೇಕಿತ್ತು. ಅಣ್ಣ ಬಂದು ತಂಗಿಯನ್ನು ಕರೆದುಕೊಂಡು ಹೋಗುತ್ತಾನೆ ಎಂದಷ್ಟೇ ಯೋಚಿಸಿದ್ದೆ. ಮುರಿದ ಹಲ್ಲು, ದವಡೆ, ಇವತ್ತಿನ ಹೊಡೆತ ಎಲ್ಲವನ್ನೂ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡ. "ಮಂದಿ ನೋಡಿದ್ರೇನು?" ಎಂದು ಮಾತ್ರ ಕೇಳಿದ. ನೋಡಿದರು ಅಂದೆ. ಫೋನು ಇಟ್ಟ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ರೂಸರ್ ಜೀಪೊಂದು ಕಮಾನು ದಾಟಿ ಬಂತು. ನೀಲಕ್ಕನ ಇಬ್ಬರು ಅಣ್ಣಂದಿರು, ಜೊತೆಗೆ ನಾಲ್ವರು. ಶೇಖರಪ್ಪ ದಿನದಂತೆ ವಾಕಿಂಗ್ ಮುಗಿಸಿ ಪಾರ್ಕಿನ ಬಾಗಿಲ ಬಳಿಯ ಸಿಮೆಂಟು ಬೆಂಚಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ಗುದ್ದಲಿಯ ಕಾವುಗಳನ್ನು ಹಿಡಿದು ಆರೂ ಜನ ಇಳಿದರು. ಮೊದಲ ಏಟು ಮೊಣಕಾಲಿಗೆ ಬಿತ್ತು. ಅವನು ಓಡಲಾಗದೆ ಬೆಂಚಿನ ಕೆಳಗೆ ನುಸುಳಲು ನೋಡಿದ. ಕಾಲು ಹಿಡಿದು ಎಳೆದರು. ಮೇಲಿನ ಕೋಣೆಯ ಕಿಟಕಿಯಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಕಾವು ಮೈಗೆ ಬೀಳುವ ಸದ್ದು ಒದ್ದೆ ಗಾದಿಯನ್ನು ಬಡಿದಂತಿತ್ತು. ವಾಕಿಂಗಿಗೆ ಬಂದವರು ಗಿಡಗಳ ಹಿಂದೆ ಸರಿದರು. ಹಿರಿಯ ಅಣ್ಣ ಕಾವು ಬಿಸಾಕಿ ಅವನ ಕೂದಲು ಹಿಡಿದು, ಬಾಯನ್ನು ಬೆಂಚಿನ ಅಂಚಿಗೆ ಎರಡು ಸಲ ಬಡಿದ. "ಹಲ್ಲಿಗೆ ಹಲ್ಲು," ಎಂದು ಕೂಗಿದ. ನಾನು ಫೋನಿನಲ್ಲಿ ಹೇಳಿದ ಮುರಿದ ಹಲ್ಲು ಅದು.

ನೀಲಕ್ಕ ಬರಿಗಾಲಲ್ಲಿ ಓಡಿ ಬಂದಳು. ಅವಳ ಒಂದು ಕಣ್ಣು ಮುಚ್ಚಿಹೋಗುವಷ್ಟು ಬಾತಿತ್ತು. ಅಣ್ಣನ ಕೈ ಹಿಡಿದು ಎಳೆದಳು. "ಬಿಡೋ ಅಣ್ಣಾ. ನಾ ಕರದಿಲ್ಲ ನಿನ್ನ."

"ನಡುರಸ್ತಾದಾಗ ನಮ್ಮ ಮನಿ ಮಗಳ ಮ್ಯಾಲ ಕೈ ಮಾಡ್ಯಾನ. ನಾಳಿ ನಾವು ಊರಾಗ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

"ಮನ್ಯಾಗ ಮಾಡಿದ್ದು ಹತ್ತ ವರ್ಷದ ಹಿಂದ ನಿನಗ ಹೇಳಿದ್ದೆ. ಹೊಂದಿಕೊಂಡು ಹೋಗು ಅಂದಿದ್ದಿ."

ಅವನು ಕ್ರೂಸರಿನ ಬಾಗಿಲು ತೆರೆದ. "ಗಾಡಿ ಹತ್ತು," ಅಂದ. ಅವಳು ಹತ್ತಲಿಲ್ಲ. ಕ್ರೂಸರ್ ಅವಳನ್ನು ಬಿಟ್ಟು ಹೋಯಿತು.

ಹತ್ತಿರದ ಡಾಕ್ಟರ್ ಎಂದರೆ ನಾನೇ. ಮನೆಯ ಮಾಲೀಕರು ಮತ್ತು ವಾಚ್‌ಮನ್ ಸೇರಿ ಶೇಖರಪ್ಪನನ್ನು ಎತ್ತಿಕೊಂಡು ಬಂದು ನನ್ನ ಕುರ್ಚಿಯ ಮೇಲೆ ಮಲಗಿಸಿದರು. ಆಂಬುಲೆನ್ಸಿಗೆ ಹೇಳಿದ್ದೇವೆ, ಅಲ್ಲಿಯವರೆಗೆ ಬಾಯ ರಕ್ತ ನಿಲ್ಲಿಸಿ ಎಂದು ಇಬ್ಬರೂ ಹೊರಗೆ ಹೋದರು. ಮೇಲಿನ ಒಂದು ಹಲ್ಲು ಒಳಕ್ಕೆ ಮಡಚಿಕೊಂಡಿತ್ತು. ಇನ್ನೊಂದು ಬೇರಿನ ಹತ್ತಿರ ಸೀಳಿ, ಒಂದು ಎಳೆ ಮಾಂಸಕ್ಕೆ ಜೋತು ಬಿದ್ದಿತ್ತು. ಅದು ಕಳಚಿ ಗಂಟಲಿಗೆ ಹೋಗುವ ಮೊದಲು ತೆಗೆಯಬೇಕಿತ್ತು.

ದೀಪ ಅವನ ಬಾಯಿಗೆ ತಿರುಗಿಸಿದೆ. ಮರಗಟ್ಟಿಸುವ ಇಂಜೆಕ್ಷನ್ ತುಂಬಿ ತಟ್ಟೆಯಲ್ಲಿಟ್ಟೆ. ಅದನ್ನು ಕೊಟ್ಟು ಎರಡು ಮೂರು ನಿಮಿಷ ಕಾಯಬೇಕು. ನಾನು ಕೊಡಲಿಲ್ಲ. ಇಕ್ಕಳ ತೆಗೆದುಕೊಂಡು, ಸೀಳಿದ ಹಲ್ಲನ್ನು ಹಿಡಿದು ತಿರುವಿದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಸರದಲ್ಲಿ ಮರೆತೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಆದರೆ ಮರೆತಿರಲಿಲ್ಲ. ಅವನ ಕಾಲುಗಳು ಸೆಟೆದವು, ಗಂಟಲಿನಿಂದ ದನ ಒದರಿದಂಥ ಸದ್ದು ಬಂತು. ಅದನ್ನು ಕೇಳಿ ನನಗೆ ಹಿತವಾಯಿತು. ಇನ್ನೂ ನಿಧಾನವಾಗಿ ತಿರುವಿದೆ.

ಯಾರೋ ನನ್ನ ಮುಂಗೈ ಹಿಡಿದರು. ನೀಲಕ್ಕ ಯಾವಾಗ ಒಳಗೆ ಬಂದಿದ್ದಳೋ ಗೊತ್ತಾಗಿರಲಿಲ್ಲ. ತಟ್ಟೆಯಲ್ಲಿ ಮುಟ್ಟದೆ ಬಿದ್ದಿದ್ದ ಇಂಜೆಕ್ಷನ್ ನೋಡಿದಳು. ನನ್ನ ಕುರ್ಚಿಯಲ್ಲಿ ನಾಲ್ಕೈದು ಸಲ ಮಲಗಿದವಳು, ಯಾವುದರ ನಂತರ ಯಾವುದು ಬರಬೇಕೆಂದು ಅವಳಿಗೆ ಗೊತ್ತಿತ್ತು.

"ಮೊದಲ ಸೂಜಿ ಹಾಕ್ರಿ," ಅಂದಳು.

"ನೀಲಕ್ಕ, ಇವನು ನಿಮಗ..."

"ನನಗ ಏನ ಮಾಡ್ಯಾನ ಅನ್ನೋದು ನಿಮಗಿಂತ ನನಗ ಗೊತ್ತೈತಿ. ಅವ ಹೊಡೀಬೇಕಾದ್ರ ಅವನ ಮಾರಿ ಹೆಂಗ ಇರ್ತೈತಿ ಅನ್ನೋದೂ ಗೊತ್ತೈತಿ. ಈಗ ನಿಮ್ಮ ಮಾರಿ ಹಂಗ ಇತ್ತು."

ಇಕ್ಕಳ ಕೆಳಗಿಟ್ಟೆ. ಇಂಜೆಕ್ಷನ್ ಕೊಟ್ಟೆ, ಗಡಿಯಾರ ನೋಡುತ್ತ ಮೂರು ನಿಮಿಷ ಕಾದೆ. ಆಮೇಲೆ ಹಲ್ಲು ತೆಗೆದೆ. ಹತ್ತಿ ಕಚ್ಚಿಸಿದೆ. ಆ ಹೊತ್ತಿನಲ್ಲಿ ಅವಳು ಗೋಡೆಗೆ ಒರಗಿ ನಿಂತು, ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು.

"ಊರಿಗೆ ಫೋನ್ ಹಚ್ಚಿದವರು ನೀವ ಹೌದಲ್ಲೋ?"

"ಹೌದು."

"ಆಣಿ ಮಾಡಿದ್ರಿ. ನಾಳಿ ನನ್ನ ಮಗಳ ಪರೀಕ್ಷಿ ಐತಿ. ಎರಡ ದಿನ ತಡಕೊಳ್ಳಾಕ ಆಗಲಿಲ್ಲೇನು ನಿಮಗ? ನಾ ಇಪ್ಪತ್ತ ವರ್ಷ ತಡಕೊಂಡೀನಿ."

ತಪ್ಪಾಯಿತು ಎಂದೆ. ಆ ಮಾತು ನನಗೇ ಸಣ್ಣದೆನಿಸಿತು. ಅವಳು ಗೋಡೆಯಿಂದ ಸರಿದು ಮುಂದೆ ಬಂದು, "ಆಗಿದ್ದಾತು. ನನ್ನ ಚೀಟಿ ತೆಗೀರಿ," ಅಂದಳು.

ತೆಗೆದೆ.

"ಬಚ್ಚಲಾಗ ಬಿದ್ದಿಲ್ಲ. ಕಪಾಟಿನ ಬಾಗಿಲಾನೂ ಬಡದಿಲ್ಲ. ಖರೇ ಏನೈತಿ ಅದನ್ನ ಬರೀರಿ, ಇವನ ಮುಂದನ ಬರೀರಿ."

ಹಳೆಯ ಸಾಲುಗಳ ಮೇಲೆ ಗೀಟು ಎಳೆದೆ. ಅವಳು ಒಂದೊಂದಾಗಿ ಹೇಳಿದಳು, ನಾನು ಬರೆದೆ. ಮುಷ್ಟಿಯಿಂದ ಬಾಯಿಗೆ. ಟೀವಿಯ ರಿಮೋಟಿನಿಂದ ದವಡೆಗೆ. ನಿನ್ನೆ ಕೈಯಿಂದ, ಆಮೇಲೆ ಮನೆಯಲ್ಲಿ ಬೆಲ್ಟಿನಿಂದ ಕಣ್ಣಿಗೆ, ಬೆನ್ನಿಗೆ. ಶೇಖರಪ್ಪ ಕುರ್ಚಿಯಲ್ಲಿ ಎದ್ದು ಕೂತು ಏನೋ ಹೇಳಲು ನೋಡಿದ. ತುಟಿ ಪೂರ್ತಿ ಮರಗಟ್ಟಿತ್ತು, ಜೊಲ್ಲು ಮತ್ತು ರಕ್ತ ಅಂಗಿಯ ಮೇಲೆ ಇಳಿಯಿತೇ ಹೊರತು ಒಂದು ಅಕ್ಷರವೂ ಹೊರಡಲಿಲ್ಲ. ಅವನ ಕಣ್ಣಲ್ಲಿ ಸಿಟ್ಟಿತ್ತು, ಅದರ ಹಿಂದೆ ನಾನು ಮೊದಲ ಸಲ ಹೆದರಿಕೆ ಕಂಡೆ. ಅಂಥ ಹೆದರಿಕೆಯನ್ನು ಅಷ್ಟು ಹತ್ತಿರದಿಂದ ನೋಡುವ ಆಸೆ ನನಗೆ ಆಗ ಉಳಿದಿರಲಿಲ್ಲ.

ಆಂಬುಲೆನ್ಸ್ ಅವನನ್ನು ಕರೆದುಕೊಂಡು ಹೋಯಿತು. ನೀಲಕ್ಕ ಮೌಲಾಸಾಬರು ಉಳಿಸಿಕೊಟ್ಟ ಚೀಲ ಹಿಡಿದಳು, ನಾನು ಚೀಟಿ ಮತ್ತು ಎಕ್ಸ್‌ರೇಗಳನ್ನು ಹಿಡಿದೆ. ಕಮಾನಿನವರೆಗೂ ಇಬ್ಬರೂ ರಸ್ತೆಯ ನಡುವೆ ನಡೆದೆವು. ಗೇಟುಗಳಲ್ಲಿ ಜನರಿದ್ದರು. ಯಾರೂ ಮಾತಾಡಿಸಲಿಲ್ಲ. ಅವಳು ಸೆರಗಿನಿಂದ ಕಣ್ಣು ಮುಚ್ಚಿಕೊಳ್ಳಲಿಲ್ಲ. ಆಟೋ ಹಿಡಿದು ಪೊಲೀಸ್ ಠಾಣೆಗೆ ಹೋದೆವು.

ಅಲ್ಲಿ ಅವಳು ಗಂಡ ಮಾಡಿದ್ದನ್ನು ಹೇಳಿದಳು. ಬರೆದುಕೊಳ್ಳುವವರು ಬೆಳಗಿನ ಹೊಡೆದಾಟದ ಬಗ್ಗೆ ಕೇಳಿದಾಗ, ಅದನ್ನೂ ಮುಚ್ಚಿಡದೆ ಹೇಳಿದಳು. ಅಣ್ಣಂದಿರ ಹೆಸರನ್ನೂ ಹೇಳಿದಳು. ನಾನು ಅವಳ ಕಾಲನ್ನು ಮೆಲ್ಲಗೆ ತುಳಿದೆ, ಅವಳು ಕಾಲು ಸರಿಸಿಕೊಂಡಳು. ಹೊರಗೆ ಬಂದ ಮೇಲೆ, "ಒಬ್ಬರದು ಹೇಳಿ ಒಬ್ಬರದು ಮುಚ್ಚಿಟ್ರ ನನ್ನ ಮಾತು ಯಾರು ನಂಬತಾರ?" ಅಂದಳು. ಅದರೊಂದಿಗೆ ತವರಿನ ಬಾಗಿಲೂ ಮುಚ್ಚಿತು. ಹಿರಿಯ ಅಣ್ಣ ಹದಿನೈದು ದಿನ ಜೈಲಿನಲ್ಲಿದ್ದು ಬಂದ. ಇಂದಿಗೂ ಅವಳ ಜೊತೆ ಮಾತಾಡುವುದಿಲ್ಲ.

ಅವತ್ತು ಅವಳು ನನ್ನ ಕೋಣೆಯಲ್ಲಿ ಮಲಗಿದಳು. ಮರುದಿನ ಬೆಳಿಗ್ಗೆ ಮಗಳಿಗೆ ಫೋನು ಮಾಡಿ, ನಗುತ್ತ, ಹಾಲ್ ಟಿಕೆಟ್ ಇಟ್ಟುಕೊಂಡೆಯಾ, ಏನು ತಿಂದೆ ಎಂದು ಕೇಳಿದಳು. ಅವಳ ಬಾಯಿ ನೋಯುತ್ತಿದ್ದದ್ದು ದನಿಯಲ್ಲಿ ತಿಳಿಯಲಿಲ್ಲ. ಪರೀಕ್ಷೆ ಮುಗಿದ ಸಂಜೆ ಧಾರವಾಡದ ಬಸ್ಸು ಹತ್ತಿದಳು.

ಜೂನಿನಲ್ಲಿ ಮಳೆ ಹಿಡಿಯಿತು. ನನ್ನ ದವಾಖಾನೆಗೆ ಲೇಔಟಿನವರು ಬರುವುದು ನಿಂತಿತು. ಕೆಲಸದ ಹೆಂಗಸರು, ಡ್ರೈವರುಗಳು ಬರುತ್ತಿದ್ದರು, ಅವರೂ ಮಾಲೀಕರ ಕಣ್ಣು ತಪ್ಪಿಸಿ. ಮೌಲಾಸಾಬರು ಕೈ ವಾಸಿಯಾದ ಮೇಲೆ ಬಂಡಿಯನ್ನು ಪೇಟೆಯ ಕಡೆ ಇಟ್ಟುಕೊಂಡರೆಂದು ಕೇಳಿದೆ. ಶೇಖರಪ್ಪ ಕೋಲು ಊರಿಕೊಂಡು ಮನೆಗೆ ಮರಳಿದ. ಅವನು ಎದುರಾದರೆ ಜನ ಮೊದಲಿನಂತೆಯೇ ನಮಸ್ಕಾರ ಮಾಡುತ್ತಿದ್ದರು. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟ ವಾರ ಮನೆಯ ಮಾಲೀಕರು, ಶೆಡ್ಡು ಕಾರಿಗೆ ಬೇಕಾಗಿದೆ ಎಂದರು. ನಾನು ಕುರ್ಚಿ, ದೀಪ ಎಲ್ಲವನ್ನೂ ಟೆಂಪೋದಲ್ಲಿ ಹಾಕಿಕೊಂಡು ಕುಷ್ಟಗಿಗೆ ಮರಳಿದೆ. ಆಮೇಲೆ ನಾಲ್ಕು ವರ್ಷ ನೀಲಕ್ಕನ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿ ಬರುತ್ತಿದ್ದೆ. ಒಂದು ಸಲ ಅವನ ಕಡೆಯ ವಕೀಲರು, ನೀವು ಚೀಟಿಯನ್ನು ಆಮೇಲೆ ತಿದ್ದಿದ್ದೀರಿ ಅಲ್ಲವೇ ಎಂದು ಕೇಳಿದರು. ಹೌದು, ಮೊದಲು ಸುಳ್ಳು ಬರೆದಿದ್ದೆ ಎಂದೆ. ಕೊನೆಗೆ ಅವಳಿಗೆ ವಿಚ್ಛೇದನ ಸಿಕ್ಕಿತು.

ಈಗ ಅವಳು ಕೊಪ್ಪಳದಲ್ಲಿದ್ದಾಳೆ. ಕೆಲಸಕ್ಕೆ ಹೋಗುವ ಹುಡುಗಿಯರು ಇರುವ ಒಂದು ಹಾಸ್ಟೆಲಿನ ಅಡುಗೆ ನೋಡಿಕೊಳ್ಳುತ್ತಾಳೆ. ಮಗಳು ಆಯುರ್ವೇದ ಓದು ಮುಗಿಸುವ ಹಂತದಲ್ಲಿದ್ದಾಳೆ. ಹೋದ ತಿಂಗಳ ಆ ಮದುವೆ ಮುಗಿಸಿ ಬರುವಾಗ ಕೊಪ್ಪಳದಲ್ಲಿ ಇಳಿದು ಅವಳ ಮನೆಗೆ ಹೋದೆ. ಎರಡು ಕೋಣೆಯ ಬಾಡಿಗೆ ಮನೆ. ಮಧ್ಯಾಹ್ನ ಮೂರು ಗಂಟೆ. ಬಾಗಿಲು ತೆರೆದೇ ಇತ್ತು. ಗಂಗಾವತಿಯ ಸುದ್ದಿ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಹಾಕ್ಕೆ ಇಟ್ಟು, ಹಾಸ್ಟೆಲಿನ ಹುಡುಗಿಯೊಬ್ಬಳು ರೊಟ್ಟಿ ಬಡಿಯಲು ಕಲಿಯುತ್ತಿರುವುದನ್ನು ಹೇಳುತ್ತ ಚಾಪೆಯ ಮೇಲೆ ಒರಗಿದಳು. ನಾಲ್ಕು ಮಾತು ಆಡಿರಬೇಕು, ಐದನೆಯದು ಅರ್ಧಕ್ಕೆ ನಿಂತಿತು. ನೋಡಿದರೆ ನಿದ್ದೆ ಹೋಗಿದ್ದಳು. ಹೊರಗೆ ಟಂಟಂ ಗಾಡಿಗಳು ಹಾರ್ನ್ ಹೊಡೆಯುತ್ತ ಓಡಾಡುತ್ತಿದ್ದವು, ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು. ಅವಳು ಅಲುಗಲಿಲ್ಲ. ನಾನು ಎದ್ದು ಒಲೆ ಆರಿಸಿದೆ, ಬಾಗಿಲಿನಿಂದ ಬರುವ ಬಿಸಿಲು ಅವಳ ಮುಖಕ್ಕೆ ಬೀಳದಂತೆ ಅಡ್ಡ ಕೂತೆ. ಮುಕ್ಕಾಲು ಗಂಟೆ ಹಾಗೇ ಕೂತಿದ್ದೆ. ಎದ್ದವಳು ಗಡಿಯಾರ ನೋಡಿ, "ಅಯ್ಯ, ನಿದ್ದಿ ಹತ್ತಿತ್ತೇನ್ರಿ," ಅಂದು, ಸಾವಕಾಶ ಕೂದಲು ಕಟ್ಟಿಕೊಂಡು, ಚಹಾವನ್ನು ಮತ್ತೆ ಒಲೆಯ ಮೇಲಿಟ್ಟಳು.